ಬೆಟ್ಟಕ್ಕೆ ಹೊತ್ತ ಮಣ್ಣು

ದೊರೆಸ್ವಾಮಿ ಲಕ್ಕಮ್ಮನನ್ನು ಮೊದಲು ಕಂಡದ್ದು ಎಪ್ಪತ್ತೆಂಟರ ಬೇಸಿಗೆಯಲ್ಲಿ, ಕಲಾಸಿಪಾಳ್ಯದ ಬಸ್ ನಿಲ್ದಾಣದಲ್ಲಿ. ಶನಿವಾರ ಮಧ್ಯಾಹ್ನ. ಮಾಸಿದ ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ನೀರು ಸೋರುವ ಗೋಣಿಚೀಲವೊಂದನ್ನು ಬಸ್ಸಿನ ಮೇಲೇರಿಸಲು ಹೆಣಗುತ್ತಿದ್ದಳು. ಚೀಲದ ತುಂಬ ತರಕಾರಿ ಮಂಡಿಯವರು ಬಿಸಾಡಿದ ಕೋಸಿನ ಎಲೆ.

“ಇದು ಬಸ್ಸಮ್ಮ, ತಿಪ್ಪೆಗಾಡಿ ಅಲ್ಲ,” ಎಂದ ಕಂಡಕ್ಟರ್.

“ತಿಪ್ಪೆಗೂ ಒಂದು ಟಿಕೆಟ್ ಹರಿಯಪ್ಪ. ನಿನ್ ಪ್ಯಾಸೆಂಜರ್‌ಗಳ ಹಂಗೆ ಸೀಟಿಗೆ ಜಗಳ ಆಡಲ್ಲ ಇದು.”

ದೊರೆಸ್ವಾಮಿ ನಗುತ್ತ ಚೀಲಕ್ಕೆ ಕೈಕೊಟ್ಟ. ರೈತರ ಮನೆಯಿಂದ ಮೊದಲು ಬಿ.ಎ. ಮಾಡಿ, ಶಂಕರಪುರದಲ್ಲಿ ಕೋಣೆ ಹಿಡಿದು ಗುಮಾಸ್ತನಾಗಿದ್ದವನು. ಅಕ್ಕನ ಊರಿಗೆ ಅದೇ ಬಸ್ಸಿನಲ್ಲಿ ಹೊರಟಿದ್ದ. ದಾರಿಯಲ್ಲಿ ಅವಳ ಕಥೆ ತಿಳಿಯಿತು. ಚಾಮರಾಜಪೇಟೆಯಲ್ಲಿ ಗಂಡ ಮರಿಯಣ್ಣನ ತರಕಾರಿ ಅಂಗಡಿ. ಅವನ ಪಾಲಿಗೆ ಬಂದದ್ದು ಚಿಕ್ಕಬಳ್ಳಾಪುರದಾಚೆ ಒಂದು ಬೆಟ್ಟದ ಇಳಿಜಾರು, ಬರೀ ಬಂಡೆ. ಚಳಿಗಾಲದಲ್ಲಿ ಹೊತ್ತೇರುವವರೆಗೂ ಮಂಜು, ಬೇಸಿಗೆಯಲ್ಲಿ ಗಿಡದ ಬುಡ ಅಲುಗಿಸುವ ಗಾಳಿ. ಅಲ್ಲಿ ಕಲ್ಲಿನ ಬದು ಕಟ್ಟಿ, ಸಿಪ್ಪೆ ಸೊಪ್ಪು ಕೊಳೆಸಿ, ವರ್ಷಗಳಿಂದ ಬಂಡೆಯ ಮೇಲೆ ಮಣ್ಣು ಕೂಡಿಸುತ್ತಿದ್ದಳು. ಸಂಕ್ರಾಂತಿಯೊಳಗೆ ಬೆಳೆ ಕಾಣದಿದ್ದರೆ ಬೆಟ್ಟ ಕಲ್ಲುಕ್ವಾರಿಯವನಿಗೆ ಎಂದು ಮರಿಯಣ್ಣ ಮಾತು ಕೊಟ್ಟಾಗಿತ್ತು.

ದೊರೆಸ್ವಾಮಿ ಭಾನುವಾರಗಳಲ್ಲಿ ಬೆಟ್ಟ ಹತ್ತತೊಡಗಿದ. ಇಬ್ಬರೂ ಬಯಲುಸೀಮೆಯ ಒಕ್ಕಲು ಮಕ್ಕಳು. ಹೊಲವೆಂದರೆ ಒಂದು ಗರಿಕೆಯೂ ಇರದಂತೆ ಕನ್ನಡಿಯ ಹಾಗಿರಬೇಕು, ಇಲ್ಲವಾದರೆ ಊರು ಆಡಿಕೊಳ್ಳುತ್ತದೆ. ಹಾಗೆಂದೇ ಮಡಿಗಳಷ್ಟೇ ಅಲ್ಲ, ಬದುವಿನ ಹುಲ್ಲನ್ನೂ ಕಿತ್ತು ಗುಡಿಸಿದರು. ಮುಂಗಾರಿನ ಒಂದೇ ಜಡಿಮಳೆಗೆ ಅಷ್ಟೂ ಮಣ್ಣು ಕೆಳಗಿನ ನೀರಿನ ಕುಂಟೆ ಸೇರಿತು. ಬಂಡೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

ಲಕ್ಕಮ್ಮ ಅಳಲಿಲ್ಲ. ಒಂದು ಗುಂಡುಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕೈಗೆಟುಕದೆ ಉಳಿದಿದ್ದ ಒಂದು ಹುಲ್ಲಿನ ಬುಡ ಅಲ್ಲಿತ್ತು. ಅದರ ಹಿಂದೆ ಒಂದು ಬೊಗಸೆ ಕಪ್ಪು ಮಣ್ಣು, ಕದಲದೆ.

“ನೋಡು ತಮ್ಮ,” ಎಂದಳು ಮೆಲ್ಲಗೆ. “ನಾವು ಬೆಟ್ಟದ ಬೆರಳೇ ಕಿತ್ಬಿಟ್ವಿ.”

ಕುಂಟೆಯ ಮಣ್ಣನ್ನು ಮತ್ತೆ ಮಕ್ಕರಿಯಲ್ಲಿ ಮೇಲಕ್ಕೆ ಹೊತ್ತರು. ಈ ಸಲ ಮೊದಲು ನೆಟ್ಟದ್ದು ಹುಲ್ಲು, ಬದುವಿನುದ್ದಕ್ಕೂ. ಹೊಲದಲ್ಲಿ ಹುಲ್ಲು ನೆಡುವ ಹೆಂಡತಿ ಯಾರಿಗೂ ಸಿಕ್ಕಿಲ್ಲವೆಂದು ಮರಿಯಣ್ಣ ಅಂಗಡಿಯ ಗಿರಾಕಿಗಳಿಗೆಲ್ಲ ಹೇಳಿಕೊಂಡು ನಕ್ಕ.

ಹಿಂಗಾರು ಜೋರಾಗಿಯೇ ಬಂತು. ಛತ್ರಿ ಹಿಡಿದು ನಿಂತ ದೊರೆಸ್ವಾಮಿ ಕಂಡದ್ದು ಇಷ್ಟು: ನೀರು ಬದು ದಾಟಿ ತಿಳಿಯಾಗಿ ಇಳಿಯುತ್ತಿತ್ತು, ಮಣ್ಣು ಮೇಲೆಯೇ ನಿಂತಿತ್ತು. ಮಾರ್ಗಶಿರದ ಬೆಳಿಗ್ಗೆ ಅದಕ್ಕಿಂತ ದೊಡ್ಡದು ಕಂಡಿತು. ಮಂಜು ಹುಲ್ಲಿನ ಗರಿಗರಿಯಲ್ಲೂ ಹನಿಗಟ್ಟಿ ತೊಟ್ಟಿಕ್ಕುತ್ತಿತ್ತು. ಮಳೆಯಿಲ್ಲದೆ ಬುಡವೆಲ್ಲ ಒದ್ದೆ. ಬೆಟ್ಟ ತಾನೇ ನೀರು ಕುಡಿಯುವುದನ್ನು ಅವನು ಚಪ್ಪಲಿ ಬಿಟ್ಟು ನೋಡಿದ. ಏಕೆ ಬಿಟ್ಟೆನೆಂದು ಅವನಿಗೇ ತಿಳಿಯಲಿಲ್ಲ.

ಸಂಕ್ರಾಂತಿಗೆ ಮುಂಚೆ ಮರಿಯಣ್ಣ ಕ್ವಾರಿಯವನನ್ನು ಕರೆದುಕೊಂಡೇ ಬೆಟ್ಟ ಹತ್ತಿದ. ಹುರುಳಿಕಾಯಿ ಬಳ್ಳಿಗಳ ನಡುವೆ ಒಂದು ಮೂಲಂಗಿ ಕಿತ್ತ. ಕಿತ್ತ ಗುಂಡಿಯೊಳಕ್ಕೆ ಕೈ ಬಿಟ್ಟ. ಮಣಿಕಟ್ಟು ಮುಳುಗಿದರೂ ಬಂಡೆ ಸಿಗಲಿಲ್ಲ. ಕೈ ಹೊರಗೆ ತೆಗೆಯದೆಯೇ ಹೇಳಿದ:

“ನೀವು ಬೇರೆ ಬೆಟ್ಟ ನೋಡ್ಕೊಳಿ ಸ್ವಾಮಿ. ಇದ್ರಲ್ಲಿ ಕಲ್ಲಿಲ್ಲ.”

ಈಗ ಎಂಬತ್ತಾರನೇ ಇಸವಿ. ಲಕ್ಕಮ್ಮ ಶನಿವಾರ ಕಲಾಸಿಪಾಳ್ಯದಿಂದ ಸೊಪ್ಪಿನ ಚೀಲ ಹೊತ್ತು ಬೆಟ್ಟಕ್ಕೆ ಹೋಗುತ್ತಾಳೆ, ಸೋಮವಾರ ಅಲ್ಲಿಯ ಹುರುಳಿಕಾಯಿ, ಮೂಲಂಗಿಯನ್ನು ಬಸವನಗುಡಿಯ ಬೀದಿಗಳಲ್ಲಿ ಮಾರುತ್ತಾಳೆ.