ಸಾಫ್ಟ್‌ವೇರಿನ ಹೊಸ ವರ್ಷನ್ನೂ ಆನವಟ್ಟಿಯ ಎರಡು ಗಂಟೆಯ ಟೆಂಡರೂ

೨೦೨೩ರ ನವೆಂಬರ್. ಶಿಕಾರಿಪುರದ ರೈತರ ಮಾರಾಟ ಸಂಘವೊಂದರಲ್ಲಿ ನಾನು ಕಾರ್ಯದರ್ಶಿ. ನಿವೃತ್ತಿಗೆ ಐದೇ ತಿಂಗಳಿತ್ತು. ಅಷ್ಟು ದಿನ ತಣ್ಣಗೆ ಕುರ್ಚಿಯಲ್ಲಿ ಕೂತು ಹಾರ ಹಾಕಿಸಿಕೊಂಡು ಮನೆಗೆ ಹೋಗೋಣವೆಂದಿದ್ದೆ. ಎಲ್ಲಿಯ ತಣ್ಣಗೆ!

ನಮ್ಮ ಸಂಘಕ್ಕೆ ಎರಡು ಪ್ರಾಂಗಣ. ಶಿಕಾರಿಪುರದ್ದು ದೊಡ್ಡದು, ಸೊರಬ ತಾಲ್ಲೂಕಿನ ಆನವಟ್ಟಿಯದು ಸಣ್ಣದು. ರೈತರು ಮೆಕ್ಕೆಜೋಳ ತಂದು ರಾಶಿ ಹಾಕುತ್ತಾರೆ, ಪ್ರತಿ ರಾಶಿಗೂ ನಾವೊಂದು ಲಾಟ್ ನಂಬರ್ ಕೊಡುತ್ತೇವೆ. ಖರೀದಿದಾರರು ಕಾಳನ್ನು ಹಲ್ಲಲ್ಲಿ ಕಡಿದು ನೋಡಿ ತಮ್ಮ ದರವನ್ನು ಮೊಬೈಲಿನಲ್ಲಿ ಹಾಕುತ್ತಾರೆ. ಎರಡು ಗಂಟೆಗೆ ಟೆಂಡರ್ ಮುಚ್ಚಬೇಕು, ಎರಡೂಕಾಲಿಗೆ ಫಲಿತಾಂಶ ಬರಬೇಕು, ಆಮೇಲೆ ತೂಕ. ಇದು ನಿಯಮ. ಆದರೆ ಒಂದೂ ಐವತ್ತೈದರವರೆಗೆ ಯಾವ ಪುಣ್ಯಾತ್ಮನೂ ದರ ಹಾಕುವುದಿಲ್ಲ. ಮೊದಲೇ ಹಾಕಿದರೆ ಪಕ್ಕದವನು ಇಣುಕಿ ಒಂದು ರೂಪಾಯಿ ಹೆಚ್ಚು ಹಾಕಿಬಿಟ್ಟರೆ? ಹಾಗಾಗಿ ಕೊನೆಯ ಐದು ನಿಮಿಷದಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಪರದೆಯ ಮೇಲೆ ಚಕ್ರ ತಿರುಗಲು ಶುರುವಾಗುತ್ತದೆ. ಫಲಿತಾಂಶ ಬರುವಾಗ ನಾಲ್ಕೂವರೆ.

ಸಾಫ್ಟ್‌ವೇರ್ ಕೊಟ್ಟ ಕಂಪನಿ, ಹೊಸ ವರ್ಷನ್ ಬಂದಿದೆ, ಹಳೆಯದನ್ನು ಮಾರ್ಚ್‌ವರೆಗೆ ಮಾತ್ರ ನೋಡಿಕೊಳ್ಳುತ್ತೇವೆ ಎಂದಿತು. ದಾವಣಗೆರೆಯಿಂದ ಅಶ್ವಿನಿ ಎಂಬ ಎಂಜಿನಿಯರ್ ಬಂದರು. ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ಆರು ಜನರನ್ನು ಕೂರಿಸಿ, "ದರ ಹಾಕಿ, ಒಂದು ಸಲ ಒತ್ತಿ" ಎಂದರು. ಒತ್ತಿದೆವು. ಎರಡೇ ನಿಮಿಷಕ್ಕೆ ಫಲಿತಾಂಶ! ಖುಷಿಯಾಗಿ ನಾನು ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದೆ. ಮರುದಿನ ನಿಜವಾದ ಟೆಂಡರಿಗೆ ಅದನ್ನೇ ಹಾಕಿದೆವು. ಫಲಿತಾಂಶ ಐದೂ ಹತ್ತಕ್ಕೆ ಬಂತು. ಮಿರ್ಚಿಯ ದುಡ್ಡು ದಂಡ.

ಅಧ್ಯಕ್ಷ ಶಿವಲಿಂಗಪ್ಪನವರು ಉಪಾಯ ಹುಡುಕುವುದರಲ್ಲಿ ಬಲು ಚುರುಕು. "ಎರಡೆರಡು ಕಡೆ ಟೆಂಡರ್ ಯಾಕ್ರೀ ಬೇಕು? ಆನವಟ್ಟೀದು ಮುಚ್ರಿ, ಕಂಪ್ಯೂಟರಿನ ಭಾರ ಇಳಿತೈತಿ. ಹೊಸದು ಹಾಕೋದೋ ಬ್ಯಾಡೋ, ಸೋಮವಾರ ವರದಿ ಕೊಡ್ರಿ," ಎಂದರು.

ಆನವಟ್ಟಿ ಮುಚ್ಚಿದರೆ ಅಲ್ಲಿ ತೂಕ ಮಾಡುವ ಗೌಸ್ ಸಾಬರಿಗೂ ಅವರ ಕೈಕೆಳಗಿನ ಹನ್ನೊಂದು ಹಮಾಲರಿಗೂ ಕೆಲಸವಿಲ್ಲ. ಶಿಕಾರಿಪುರದಲ್ಲಿ ಬೇರೆ ಹಮಾಲರಿದ್ದಾರೆ, ಇವರನ್ನು ಯಾರು ಸೇರಿಸಿಕೊಳ್ಳುತ್ತಾರೆ? ಹಳೆಯದೇ ಇರಲಿ ಎಂದು ಬರೆದರೆ ಮಾರ್ಚ್‌ಗೆ ಎರಡೂ ಕಡೆ ಟೆಂಡರ್ ನಿಲ್ಲುತ್ತದೆ. ಹೊಸದು ಬೇಕೆಂದು ಬರೆದರೆ, ಅದರ ಭಾರ ಇಳಿಸಲು ಆನವಟ್ಟಿ ಮುಚ್ಚುತ್ತಾರೆ, ಗೌಸ್ ಸಾಬರ ಅನ್ನಕ್ಕೆ ಕಲ್ಲು. ಎರಡು ಸಲ ವರದಿ ಬರೆದೆ, ಎರಡು ಸಲವೂ ಹರಿದು ಹಾಕಿದೆ.

ಶನಿವಾರ ಬೆಳಿಗ್ಗೆ ಅಶ್ವಿನಿ ಗಾಬರಿಯಿಂದ ಬಂದರು. "ಸರ್, ಆನವಟ್ಟೀಲಿ ಖರೀದಿದಾರರು ಎಷ್ಟು ಜನ?"

"ಹತ್ತೊಂಬತ್ತು."

"ನಿನ್ನೆ ನಲವತ್ತು ಲಾಟಿಗೆ, ಐದು ನಿಮಿಷದಲ್ಲಿ, ಆರು ಸಾವಿರ ಸಲ ದರ ಬಂದಿದೆ ಸರ್. ಇದು ಯಾರೋ ಹೊರಗಿನವರ ದಾಳಿ!"

ದಾಳಿ ಎಂದದ್ದೇ ತಡ, ಅಧ್ಯಕ್ಷರು ಪಕ್ಕದ ತಾಲ್ಲೂಕಿನ ಸಂಘದ ಮೇಲೆ ಅನುಮಾನಪಟ್ಟು ಪೊಲೀಸರಿಗೆ ಫೋನ್ ಮಾಡಲು ಹೊರಟರು. ಸ್ವಲ್ಪ ತಡೀರಿ ಎಂದು ಕೈಮುಗಿದು, ನಾನೂ ಅಶ್ವಿನಿಯೂ ಆನವಟ್ಟಿಗೆ ಹೊರಟೆವು.

ನಾವು ಮುಟ್ಟುವಾಗ ಒಂದೂ ಐವತ್ತು. ಶೆಡ್ಡಿನ ಕೆಳಗೆ ಹತ್ತೊಂಬತ್ತು ಜನ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದರು. ಗೌಸ್ ಸಾಬರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು:

"ದಾಳಿ ಗೀಳಿ ಏನಿಲ್ರೀ ಸಾರ್. ಇವ್ರ ಹೆಬ್ಬೆಟ್ಟು ನೋಡ್ರಿ."

"ಹೆಬ್ಬೆಟ್ಟು ಯಾಕ್ರೀ ನೋಡ್ತೀರಿ?"

"ಮೂವತ್ ವರ್ಷ ತೂಕದ ಕಾಟಾದ ಮುಂದೆ ನಿಂತೀನಿ. ಯಾರ ಕೈ ಎಲ್ಲೈತಿ, ಯಾರ ಕಾಲು ಎಲ್ಲೈತಿ ಅಂತ ನೋಡೋದೇ ನನ್ ಕೆಲ್ಸ ಅಲ್ರೀ?"

ನೋಡಿದೆ. ಹಿರಿಯ ಖರೀದಿದಾರ ರುದ್ರಪ್ಪನವರು ದರ ಹಾಕಿ ಒತ್ತಿದರು. ಇನ್ನೊಮ್ಮೆ ಒತ್ತಿದರು. ಮೊಬೈಲನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ದೇವರೇ ಎಂದು ಮತ್ತೆ ನಾಲ್ಕು ಸಲ ಒತ್ತಿದರು. ಉಳಿದ ಹದಿನೆಂಟು ಜನರದ್ದೂ ಇದೇ ಕಥೆ. ನನಗೆ ಪಿತ್ತ ನೆತ್ತಿಗೇರಿತು.

"ಏನ್ರೀ ರುದ್ರಪ್ಪನವರೆ, ಅದೇನು ಹಾರ್ಮೋನಿಯಮ್ಮಾ?"

"ಮತ್ತೇನ್ ಮಾಡ್ಲಿ ಸೆಕ್ರೆಟ್ರಿಯವ್ರೆ? ಬಿತ್ತೋ ಇಲ್ಲೋ ಹೇಳೋರು ಯಾರದಾರೆ?"

"ಮೆಸೇಜ್ ಬರುತ್ತಲ್ಲ," ಎಂದು ಅಶ್ವಿನಿ ಪರದೆಯ ಮೂಲೆಯಲ್ಲಿದ್ದ ಸಣ್ಣ ಇಂಗ್ಲಿಷ್ ಸಾಲನ್ನು ತೋರಿಸಿದರು.

"ಅದು ಏನೋ ಹೇಳ್ತೈತಿ ಮೇಡಂ. ಬಿತ್ತು ಅಂತ ಹೇಳಂಗಿಲ್ಲ."

ನನಗೆ ಆಗ ಹೊಳೆಯಿತು. ಕಂಪ್ಯೂಟರ್ ಬರುವ ಮೊದಲು ದರವನ್ನು ಚೀಟಿಯಲ್ಲಿ ಬರೆದು ಬೀಗ ಹಾಕಿದ ಪೆಟ್ಟಿಗೆಗೆ ಹಾಕುತ್ತಿದ್ದರು. ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಗೌಸ್ ಸಾಬರು ಕೂತಿರುತ್ತಿದ್ದರು. ಪ್ರತಿ ಚೀಟಿಗೂ "ಬಿತ್ತು, ಹೋಗ್ರಿ" ಎನ್ನುತ್ತಿದ್ದರು. ಅವರು ಹಾಗೆಂದ ಮೇಲೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ನೇರ ಚಹಾ ಅಂಗಡಿಗೆ ನಡೆಯುತ್ತಿದ್ದರು.

ಇದನ್ನು ಹೇಳಿದಾಗ ಅಶ್ವಿನಿ ಮೊದಲು ನಕ್ಕರು, ಆಮೇಲೆ ತಮ್ಮ ಮೊಬೈಲನ್ನು ಗೌಸ್ ಸಾಬರ ಬಾಯಿಯ ಮುಂದೆ ಹಿಡಿದರು. "ಅದನ್ನೇ ಒಂದ್ಸಲ ಹೇಳಿ." ಗೌಸ್ ಸಾಬರು ನಾಚಿ, ಟೋಪಿ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಹೇಳಿದರು. ಭಾನುವಾರವಿಡೀ ಅಶ್ವಿನಿ ಕೂತು, ಒಂದು ಸಲ ಒತ್ತಿದ ಕೂಡಲೇ ಬಟನ್ ಮಾಯವಾಗಿ ಆ ದನಿ ಕೇಳುವಂತೆ ಮಾಡಿದರು.

ಸೋಮವಾರ ಎರಡು ಗಂಟೆಗೆ ಐದು ನಿಮಿಷ ಇರುವಾಗ ಶೆಡ್ಡಿನ ತುಂಬ ಗೌಸ್ ಸಾಬರೇ. ಹತ್ತೊಂಬತ್ತು ಮೊಬೈಲಿನಿಂದ "ಬಿತ್ತು, ಹೋಗ್ರಿ", "ಬಿತ್ತು, ಹೋಗ್ರಿ"! ರುದ್ರಪ್ಪನವರು ಮೊಬೈಲಿಗೆ "ಆತು ಬಿಡಪ್ಪ" ಎಂದು ಉತ್ತರ ಕೊಟ್ಟು ಚಹಾಕ್ಕೆ ಹೋದರು. ಫಲಿತಾಂಶ ಎರಡು ಗಂಟೆ ಏಳು ನಿಮಿಷಕ್ಕೆ ಬಂತು. ಎರಡೂಕಾಲಿಗೆ ಹಮಾಲರು ಚೀಲ ಎತ್ತುತ್ತಿದ್ದರು. ನಾನು ಶೆಡ್ಡಿನ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಸಂಜೆ ಸಭೆಯಲ್ಲಿ ಅಧ್ಯಕ್ಷರು ವರದಿ ಕೇಳಿದರು. ಹೊಸ ವರ್ಷನ್ ಹಾಕಬೇಕು, ಆನವಟ್ಟಿ ಮುಚ್ಚಬಾರದು ಎಂದು ಓದಿದೆ.

"ಸಂತೋಷ. ಇಷ್ಟು ವರ್ಷ ನಿಧಾನ ಆಗಿದ್ದಕ್ಕೆ ಕಾರಣ ಏನಂತ ಬರ್ದೀರಿ?"

ಹಳೆಯ ಕಡತ ತೆಗೆಸಿ ನೋಡಿಯೇ ಬರೆದಿದ್ದೆ. ಓದಿದೆ: "ಕಂಪ್ಯೂಟರ್ ಬಂದ ಮೇಲೆ ಟೆಂಡರ್ ಸ್ಥಳದಲ್ಲಿ ನೌಕರನ ಅಗತ್ಯವಿಲ್ಲವೆಂದು ಕಾರ್ಯದರ್ಶಿಯವರು ಆದೇಶ ಹೊರಡಿಸಿದ್ದು."

"ಯಾರ್ರೀ ಆಗಿನ ಕಾರ್ಯದರ್ಶಿ? ತಲೆ ಇತ್ತೋ ಇಲ್ವೋ ಅವಂಗೆ?"

"ನಾನೇ ಸಾರ್," ಎಂದೆ.

ಯಾವ ಕೆಲಸವನ್ನೇ ಆಗಲಿ ಯಂತ್ರಕ್ಕೆ ಒಪ್ಪಿಸುವ ಮೊದಲು, ಅದನ್ನು ಮಾಡುತ್ತಿರುವವರ ಪಕ್ಕದಲ್ಲಿ ಒಂದು ಮಧ್ಯಾಹ್ನ ನಿಂತು ನೋಡಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ಕೊನೆಯ ಐದು ತಿಂಗಳಲ್ಲಿ. ಆ ಆದೇಶ ನನ್ನದೆಂದು ಗೌಸ್ ಸಾಬರಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಸ್ಟೂಲಿನಿಂದ ಅವರನ್ನು ಎಬ್ಬಿಸಿದ ನೋಟಿಸನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ.