ಗೆರೆ ದಾಟಿದರೆ ಎಲ್ಲರೂ ತವಾಲೆ

ಸೆರೈಮಾ ಎಂಬ ಹೆಸರು ರೈಜಿಯೇಲಿಯ ಕಿವಿಗೆ ಮೊದಲು ಬಿದ್ದದ್ದು ಗಂಡ ತೀರಿಹೋದ ನೂರನೆಯ ರಾತ್ರಿಯ ಊಟ ಮುಗಿದ ಮಾರನೆಯ ಬೆಳಿಗ್ಗೆ. ಆ ದ್ವೀಪದ ರೇವಾ ನದಿಯ ದಂಡೆಯಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತು ಮಸಿ ಹಿಡಿದ ಪಾತ್ರೆಗಳನ್ನು ಉಜ್ಜುತ್ತಿದ್ದರು. ಶೋಕ ಕಳೆದಿತ್ತು, ಇನ್ನು ಹೂವಿನ ಬಟ್ಟೆ ಉಡಬಹುದಿತ್ತು. ಉಡುವ ಮನಸ್ಸು ರೈಜಿಯೇಲಿಗೆ ಇರಲಿಲ್ಲ.

ನಾದಿನಿ ಮಕೆರೆತಾ ಬೂದಿ ಕೈಯಲ್ಲೇ ಮೂಗು ಒರೆಸಿಕೊಂಡು, “ಅತ್ತಿಗೆ, ಕೇಳಿದೆಯಾ? ಆಚೆ ದಂಡೆಯ ಸೆರೈಮಾಳನ್ನ ಹೋಟೆಲಿನವರು ಕೆಲಸ ಬಿಡಿಸಿ ಮನೆಗೆ ಕಳಿಸಿದರಂತೆ. ಈಗ ನೌಸೋರಿ ಬಸ್ ಸ್ಟ್ಯಾಂಡಲ್ಲಿ ಲೋವೋ ಊಟ ಮಾರ್ತಾಳಂತೆ!” ಅಂದಳು.

“ಮಾರೋದಾ? ಬೇಯಿಸಿದ್ದನ್ನ?”

“ಹೂಂ ಮತ್ತೆ. ಇವತ್ತು ಊಟ, ನಾಳೆ ಮಳೆ ಹಿಡಿದು ಮಾರ್ತಾಳೆ.”

ದಂಡೆಯ ತುಂಬ ನಗು. ರೈಜಿಯೇಲಿಯೂ ನಕ್ಕಳು, ನಕ್ಕ ಮೇಲೆ ತನಗೇ ಆಶ್ಚರ್ಯವಾಯಿತು. ಆ ಊರುಗಳಲ್ಲಿ ಉಣ್ಣುವ ಹೊತ್ತಿಗೆ ಯಾರೂ ಬಾಗಿಲು ಮುಚ್ಚುವುದಿಲ್ಲ. ಮಡಕೆಯಲ್ಲಿ ಒಂದೇ ಒಂದು ಮರಗೆಣಸಿದ್ದರೂ ದಾರಿಯಲ್ಲಿ ಹೋಗುವವರನ್ನು “ಬನ್ನಿ, ಉಂಡು ಹೋಗಿ” ಎಂದು ಕೂಗಬೇಕು. ಬೆಂದದ್ದನ್ನು ಕಾಸಿಗೆ ಕೊಡುವುದೆಂದರೆ ಹೆತ್ತ ಕೂಸನ್ನು ಸಂತೆಗೆ ಒಯ್ದ ಹಾಗೆ.

ಆ ವಾರವೇ ಸೆರೈಮಾ ರೈಜಿಯೇಲಿಯ ಮನೆಗೆ ಬಂದಳು. ಅಗಲ ಭುಜದ, ಜೋರು ದನಿಯ ಹೆಂಗಸು. ಆದರೂ ಬಾಗಿಲ ಬಳಿಯೇ ತಲೆ ತಗ್ಗಿಸಿ ಕೂತಳು. ದೊಡ್ಡದೇನನ್ನಾದರೂ ಬೇಡಲು ಬಂದವರು ಕಾಣಿಕೆ ಇಡುವ ಹಾಗೆ ಯಂಗೋನಾ ಬೇರಿನ ಕಟ್ಟನ್ನು ಚಾಪೆಯ ಮೇಲಿಟ್ಟಳು. ಹಿರಿಯ ಹೆಂಗಸರನ್ನು ಅಮ್ಮ ಎನ್ನುವ ಹಾಗೆ ‘ನೌ’ ಎಂದು ಕರೆದಳು.

“ನೌ, ನೂರನೇ ರಾತ್ರಿಯ ಪಲುಸಾಮಿ ಮಾಡಿದ್ದು ನೀವೇ ಅಲ್ವಾ?”

“ನಾನೇ. ಯಾಕೆ, ಉಪ್ಪು ಹೆಚ್ಚಾಗಿತ್ತಾ?”

“ಎಷ್ಟು ತಿಂದೆ ಅಂತ ಹೇಳೋಕೆ ನಾಚಿಕೆ ಆಗುತ್ತೆ. ಕೊನೇದನ್ನ ನನ್ನ ಗಂಡ ಕೈಯಿಂದ ಕಿತ್ಕೊಂಡ. ಕೆಸುವಿನ ಎಲೆ, ತೆಂಗಿನ ಹಾಲು ಎಲ್ಲರ ಮನೇಲೂ ಇದೆ. ನಿಮ್ಮ ಕೈ ಇಲ್ಲ. ನನಗೆ ಆ ಕೈ ಬೇಕು.”

“ಕೈ ಕೊಟ್ರೆ ಅದರ ಹಿಂದೆ ನಾನೂ ಬರಬೇಕಾಗುತ್ತಲ್ಲ ತಾಯಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೋಳು ನಾನು. ಲೆಕ್ಕ ಬರಲ್ಲ.”

“ಲೆಕ್ಕ ನನಗೆ ಬರುತ್ತೆ. ಎಲೆ ಮಡಿಸೋಕೆ ಬರಲ್ಲ. ಸರಿಹೋಯ್ತಲ್ಲ?”

ಮೊದಲ ದಿನ ಆದದ್ದನ್ನು ನೌಸೋರಿಯ ಬಸ್ಸಿನವರು ಇಂದಿಗೂ ಹೇಳಿ ನಗುತ್ತಾರೆ. ರೈಜಿಯೇಲಿಯನ್ನು ಬುಟ್ಟಿಗಳ ಮುಂದೆ ಕೂರಿಸಿ ಸೆರೈಮಾ ನೀರು ತರಲು ಹೋದಳು. ಕೊರೋವೌ ಊರಿನ ಬಸ್ಸು ಬಂದು ನಿಂತಿತು. ಜನ ಇಳಿದರು. ಉಣ್ಣುವ ಹೊತ್ತು, ಮುಂದೆ ಬಿಸಿ ಊಟ, ದಾರಿಯಲ್ಲಿ ಜನ. ರೈಜಿಯೇಲಿಯ ಬಾಯಿ ತಾನಾಗಿಯೇ ತೆರೆದು, “ಬನ್ನಿ, ಉಂಡು ಹೋಗಿ!” ಎಂದು ಕೂಗಿಬಿಟ್ಟಿತು. ಅವರೂ ಮರ್ಯಾದಸ್ಥರು. ಕರೆದವರ ಮಾತು ಮುರಿಯಬಾರದೆಂದು ಕೂತು ಉಂಡರು, ಚಪ್ಪಾಳೆ ತಟ್ಟಿ ಕೃತಜ್ಞತೆ ಹೇಳಿದರು, ಬಸ್ಸು ಹತ್ತಿ ಹೋದರು.

ಸೆರೈಮಾ ಮರಳಿದಾಗ ಬುಟ್ಟಿಯ ತಳ ಕಾಣುತ್ತಿತ್ತು. “ಅಯ್ಯೋ ದೇವರೇ, ಇಷ್ಟು ಬೇಗ ಖಾಲಿ! ದುಡ್ಡೆಲ್ಲಿಟ್ರಿ ನೌ?”

“ಯಾವ ದುಡ್ಡು?”

ಸೆರೈಮಾ ಕಟ್ಟೆಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಕರೆಯೋದು ಮಾತ್ರ ಬಿಡಬೇಡಿ ನೌ. ಹಾಗೆ ಕರೆಯೋರು ಇಡೀ ಬಸ್ ಸ್ಟ್ಯಾಂಡಲ್ಲೇ ಇಲ್ಲ. ನಾಳೆಯಿಂದ ಉಂಡೋರಿಗೆ ಈ ದುಡ್ಡಿನ ಬುಟ್ಟಿ ಒಂದು ತೋರಿಸಿ, ಸಾಕು.” ಉಂಡು ಹೋದವರು ಸುಮ್ಮನಿರಲಿಲ್ಲ. ಮುಂದಿನ ಶನಿವಾರ ತಮ್ಮ ಊರಿನವರನ್ನೆಲ್ಲ ಕಟ್ಟಿಕೊಂಡು ಬಂದು, ಕೂರುವ ಮೊದಲೇ ಬುಟ್ಟಿ ತುಂಬಿಸಿದರು.

ಹಾಗೆ ಶುರುವಾದದ್ದು ಒಂದೆರಡು ವರ್ಷದಲ್ಲಿ ನದಿಯ ದಂಡೆಗೆ ತಗಡಿನ ಮಾಡು ಹಾಕಿದ ಅಡುಗೆ ಮನೆಯಾಯಿತು. ಹಿತ್ತಲಲ್ಲಿ ಕಾದ ಕಲ್ಲಿನ ಮೇಲೆ ಬುಟ್ಟಿ ಇಟ್ಟು ಮಣ್ಣು ಮುಚ್ಚಿ ಬೇಯಿಸುವ ಲೋವೋ ಗುಂಡಿಗಳು, ಸುತ್ತ ಹೂಗಿಡದ ಬೇಲಿ. ಮೂಗು ಮುರಿದಿದ್ದ ಮಕೆರೆತಾಳೇ ಎಲ್ಲರಿಗಿಂತ ಮೊದಲು ಕೆಲಸ ಕೇಳಿಕೊಂಡು ಬಂದಳು, ಜೊತೆಗೆ ಸೊಸೆ ಲೋಸಲೀನಿಯನ್ನೂ ತಂದಳು. ಗುಂಡಿಗೂ ಲಾರಿಗೂ ವೈಸಾಕೆ ಎಂಬವನು. ಅವನು ರೈಜಿಯೇಲಿಯ ದೊಡ್ಡಪ್ಪನ ಮಗ, ಅಂದರೆ ಅಣ್ಣ. ಅಲ್ಲಿಯ ಅಣ್ಣ ತಂಗಿಯರು ದೊಡ್ಡವರಾದ ಮೇಲೆ ಒಬ್ಬರಿಗೊಬ್ಬರು ಎದುರು ಕೂರುವುದಿಲ್ಲ, ನೇರ ಮಾತಾಡುವುದಿಲ್ಲ. ಅದು ಮುನಿಸಲ್ಲ, ಗೌರವ. ಹಾಗಾಗಿ ವೈಸಾಕೆ ಒಂದು ಮಾರು ದೂರದಲ್ಲಿ ನಿಂತಿದ್ದರೂ ರೈಜಿಯೇಲಿ, “ಲೋಸಲೀನಿ, ಲಾರಿ ಹತ್ರ ಇರೋರಿಗೆ ಹೇಳು, ಹಿಂದಿನ ಗಾಲಿ ಚಪ್ಪಟೆಯಾಗಿದೆ” ಎನ್ನುವಳು. ಅವನು ಆಕಾಶ ನೋಡುತ್ತ, “ಒಲೆ ಹತ್ರ ಇರೋರಿಗೆ ಹೇಳು, ಕಂಡಿದೀನಿ” ಎನ್ನುವನು. ನಡುವೆ ಲೋಸಲೀನಿಯ ಕತ್ತು ನೋಯುತ್ತಿತ್ತು.

ಏಟು ಬಿದ್ದದ್ದು ಒಂದು ಶಾಲೆಯ ಬಹುಮಾನದ ದಿನ. ಅಷ್ಟು ಜನರ ಊಟ ಅವರು ಹಿಂದೆ ಮಾಡಿರಲಿಲ್ಲ. ಹೊತ್ತು ಉಳಿಯಲಿ ಎಂದು ಮಕೆರೆತಾ ತೆಂಗಿನ ಹಾಲನ್ನು ಹಿಂದಿನ ಸಂಜೆಯೇ ಹಿಂಡಿಟ್ಟಳು. ಸೆಕೆಗೆ ಹಾಲು ಹುಳಿಯಾಯಿತು. ಪಲುಸಾಮಿಯೆಲ್ಲ ಹಾಗೇ ಲಾರಿಯಲ್ಲಿ ವಾಪಸ್ಸು ಬಂತು. ಊರೆಲ್ಲ ಸುದ್ದಿ.

ಸೆರೈಮಾ ಬೈಯಲಿಲ್ಲ. ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, “ಯಾರಿಗೆ ಮೊದಲೇ ಗೊತ್ತಿತ್ತು?” ಎಂದಳು.

ಲೋಸಲೀನಿ ಅಳುತ್ತ, “ನನಗೆ. ಬೆಳಿಗ್ಗೆನೇ ವಾಸನೆ ಬಂತು. ಆದರೆ ಹಿಂಡಿದ್ದು ಅತ್ತೆ” ಎಂದಳು.

ಮಕೆರೆತಾ ತಿರುಗಿದಳು. “ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ನಿಮ್ಮ ಮಾನ ಇಟ್ಕೊಂಡಿದ್ದೆ ಅತ್ತೆ.”

ಸೆರೈಮಾ ನಿಟ್ಟುಸಿರು ಬಿಟ್ಟಳು. “ಹೋಟೆಲಲ್ಲಿ ದೊಡ್ಡ ಅಡುಗೆಯವನಿಗೆ ಮೀನು ಕೆಟ್ಟಿದೆ ಅಂದೆ, ಅದಕ್ಕೇ ಮನೆಗೆ ಕಳಿಸಿದ. ಅಲ್ಲಿ ಹೆದರಿಕೆಗೆ ಯಾರೂ ಬಾಯಿ ಬಿಡ್ತಿರಲಿಲ್ಲ. ಇಲ್ಲಿ ಮರ್ಯಾದೆಗೆ ಬಾಯಿ ಬಿಡ್ತಿಲ್ಲ. ಹುಳಿಯಾದ ಹಾಲಿಗೆ ಎರಡೂ ಒಂದೇ. ನಮ್ಮೋರಲ್ಲಿ ಹೆದರಿಕೇನೂ ಇಲ್ಲದೆ ಮರ್ಯಾದೇನೂ ಇಲ್ಲದೆ ಮಾತಾಡೋರು ಯಾರು ಹೇಳಿ?”

“ಇನ್ಯಾರು, ತವಾಲೆಗಳು. ಅವರ ಬಾಯಿಗೆ ಕದವೇ ಇಲ್ಲ” ಎಂದಳು ಮಕೆರೆತಾ.

ಸೋದರತ್ತೆಯ, ಸೋದರಮಾವನ ಮಕ್ಕಳೇ ತವಾಲೆಗಳು. ಅವರು ಸಿಕ್ಕಲ್ಲಿ ಕಾಲೆಳೆಯಬಹುದು, ಮುಖದ ಮೇಲೆ ಸತ್ಯ ಹೇಳಬಹುದು, ಬೋಳು ತಲೆಯನ್ನು ಬೋಳು ಎನ್ನಬಹುದು. ಸಿಟ್ಟಾದವನೇ ಸೋತವನು.

ಸೆರೈಮಾ ಎದ್ದು ಒಲೆಯಿಂದ ಇದ್ದಿಲು ತಂದು ಬಾಗಿಲಿಗೆ ಅಡ್ಡ ಗೆರೆ ಎಳೆದಳು. “ಈ ಗೆರೆ ದಾಟಿ ಬಂದೋರೆಲ್ಲ ತವಾಲೆ. ಅತ್ತೆ, ಸೊಸೆ, ಯಜಮಾನಿ ಎಲ್ಲಾ ಸಂಬಂಧಾನೂ ಚಪ್ಪಲಿ ಜೊತೆ ಹೊರಗೆ ಬಿಡಿ. ಮನೆಗೆ ಹೋಗುವಾಗ ಮೆಟ್ಕೊಂಡು ಹೋಗಿ. ಮೊದಲು ನನ್ನಿಂದಲೇ ಶುರುವಾಗಲಿ. ಬೈಯಿರಿ ನೋಡೋಣ.”

ಎಲ್ಲರೂ ಚಾಪೆಯ ಹೆಣಿಗೆ ನೋಡುತ್ತ ಕೂತರು. ಕೊನೆಗೆ ಲೋಸಲೀನಿಯೇ ತಲೆ ಎತ್ತದೆ, “ತವಾಲೆ... ಹೋಟೆಲಿಂದ ತಂದ ಆ ಬಿಳಿ ಟೋಪಿ ಹಾಕ್ಕೊಂಡ್ರೆ ನೀನು ಉಬ್ಬಿದ ಬ್ರೆಡ್ಡಿನ ಹಾಗೆ ಕಾಣ್ತೀಯ” ಎಂದಳು.

ತಗಡಿನ ಮಾಡು ಹಾರಿಹೋಗುವಂತೆ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೆರೈಮಾ. ಆ ಟೋಪಿ ಅಂದೇ ಈರುಳ್ಳಿ ತುಂಬುವ ಚೀಲವಾಯಿತು.

ಅಲ್ಲಿಂದ ಆ ಮನೆಯ ಗಾಳಿಯೇ ಬದಲಾಯಿತು. “ತವಾಲೆ, ನಿನ್ನ ಮೀನು ಇನ್ನೂ ಈಜ್ತಿದೆ, ಮತ್ತೆ ಬೇಯಿಸು.” “ತವಾಲೆ, ಈ ಸಾರಿಗೆ ಉಪ್ಪು ಹಾಕಿದ್ಯೋ, ತೋರಿಸಿ ವಾಪಸ್ ಇಟ್ಯೋ?” ತಪ್ಪನ್ನು ಗಂಟೆಗಟ್ಟಲೆ ಬಚ್ಚಿಟ್ಟುಕೊಳ್ಳುವುದು ನಿಂತಿತು. ಸೆರೈಮಾ ಹೊಸ ತಿಂಡಿಯೊಂದನ್ನು ತಂದರೆ ಮೊದಲು ಅವಳ ಕಾಲೇ ಎಳೆಯುತ್ತಿದ್ದರು. ಆ ಬೈಗುಳ ದಾಟಿ ಉಳಿದದ್ದು ಮಾತ್ರ ಬಸ್ ಸ್ಟ್ಯಾಂಡಿಗೆ ಹೋಗುತ್ತಿತ್ತು, ಹೋದದ್ದು ಖಾಲಿಯಾಗುತ್ತಿತ್ತು.

ರೈಜಿಯೇಲಿ ಎಲ್ಲರನ್ನೂ ತವಾಲೆ ಎಂದಳು, ವೈಸಾಕೆಯೊಬ್ಬನನ್ನು ಬಿಟ್ಟು. ಸೆರೈಮಾಳೂ ಒತ್ತಾಯಿಸಲಿಲ್ಲ. “ಅಣ್ಣ ತಂಗಿ ವಿಷಯ ದೊಡ್ಡದು ನೌ. ನನ್ನ ಇದ್ದಿಲಿಗೆ ಅಷ್ಟು ಶಕ್ತಿ ಇಲ್ಲ. ಅದು ನಿಮಗೆ ಬಿಟ್ಟದ್ದು” ಎಂದಳು.

ಅದಾದ ಮೇಲೆ ಸುತ್ತಲ ಊರುಗಳ ಚರ್ಚಿನ ಗಾಯನ ತಂಡಗಳೆಲ್ಲ ನೌಸೋರಿಯಲ್ಲಿ ಸೇರಿ ಸ್ಪರ್ಧಿಸುವ ಹಬ್ಬ ಬಂತು. ಸೆರೈಮಾ ಊಟದ ಹೊಣೆ ಕೇಳಲು ಹೋದಾಗ ಹಿರಿಯರು, “ಹುಳಿ ಪಲುಸಾಮಿಯವಳಾ?” ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಒಪ್ಪಿದರು. ಇದು ಕೈಕೊಟ್ಟರೆ ನದಿಯ ಈಚೆಗೂ ಆಚೆಗೂ ಇನ್ನು ಯಾರೂ ತಮ್ಮನ್ನು ಕರೆಯುವುದಿಲ್ಲ, ಅಡುಗೆ ಮನೆ ಮುಚ್ಚಬೇಕು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮುಚ್ಚಿದರೆ ಮತ್ತೆ ಒಬ್ಬಳೇ ಚಾಪೆಯ ಮೇಲೆ ಕೂತು ಸಂಜೆ ಕಾಯಬೇಕಲ್ಲ ಎಂದು ರೈಜಿಯೇಲಿ ಮಡಿಸಿದ ಎಲೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಹಬ್ಬದ ಬೆಳಿಗ್ಗೆ ಗುಂಡಿಗಳಿಗೆಲ್ಲ ಮಣ್ಣು ಮುಚ್ಚಿ ಆಗಿತ್ತು. ಉಳಿದವರು ತಟ್ಟೆ ಚಾಪೆ ಹೊತ್ತು ಮೈದಾನಕ್ಕೆ ಹೋದರು. ಹಿತ್ತಲಲ್ಲಿ ಉಳಿದದ್ದು ವೈಸಾಕೆ ಮತ್ತು ರೈಜಿಯೇಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿ. ಅವಳು ಗುಂಡಿಗಳ ಮೇಲೆ ಅಂಗೈ ಇಟ್ಟು ನೋಡುತ್ತ ಬಂದಳು. ಮಣ್ಣು ಹದವಾಗಿ ಬೆಚ್ಚಗಿತ್ತು. ಕೊನೆಯ ಗುಂಡಿ, ಹಂದಿಮಾಂಸವಿಟ್ಟದ್ದು, ಕಪ್ಪೆಯ ಹೊಟ್ಟೆಯಂತೆ ತಣ್ಣಗಿತ್ತು. ರಾತ್ರಿಯ ಮಳೆಗೆ ಸೌದೆ ನೆನೆದು ಕಲ್ಲು ಕಾದೇ ಇರಲಿಲ್ಲ.

ಅವಳು ಸುತ್ತ ನೋಡಿದಳು. ಹೇಳಿ ಕಳಿಸಲು ಲೋಸಲೀನಿ ಇಲ್ಲ, ಮಕೆರೆತಾ ಇಲ್ಲ, ಒಂದು ನಾಯಿಯೂ ಇಲ್ಲ. ಮೈದಾನಕ್ಕೆ ಓಡಿ ಯಾರನ್ನಾದರೂ ಕರೆತರುವ ಹೊತ್ತಿಗೆ ಊಟದ ಗಂಟೆ ಬಾರಿಸಿರುತ್ತದೆ. ಲಂಗ ಉಡುವ ವಯಸ್ಸಿನಿಂದ ಅವನ ಜೊತೆ ನೇರ ಮಾತಾಡಿದವಳಲ್ಲ. ಬೇಲಿ ನೋಡಿದಳು. ಗುಂಡಿ ಬೇಲಿಯ ಒಳಗಿತ್ತು. ಬೇಲಿಯ ಒಳಗೆಂದರೆ ಗೆರೆಯ ಒಳಗೇ ಸರಿ ಎಂದು ತಾನೇ ತೀರ್ಪು ಕೊಟ್ಟುಕೊಂಡಳು.

“ಏಯ್ ತವಾಲೆ!”

ವೈಸಾಕೆಯ ಬೆನ್ನು ನೆಟ್ಟಗಾಯಿತು.

“ನಿನಗೇ ಹೇಳೋದು! ಈ ಗುಂಡಿ ನಿನ್ನ ಹಾಗೇ ಗೊರಕೆ ಹೊಡೀತಿದೆ. ಹಂದಿ ಇನ್ನೂ ಬದುಕಿದೆಯಾ ಹೇಗೆ?”

ಅವನು ನಿಧಾನವಾಗಿ ತಿರುಗಿದ. ಇನ್ನೇನು ಎದ್ದು ಹೊರಟುಹೋಗುತ್ತಾನೆ, ಇನ್ನು ಮೇಲೆ ತನ್ನ ಮನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡಳು. ಅವನು ಗಂಟಲು ಸರಿಮಾಡಿಕೊಂಡ.

“ಗೊತ್ತಾಗಿತ್ತು ತವಾಲೆ. ನಿನ್ನ ನಾಲಿಗೆಯಷ್ಟು ಬಿಸಿ ಇರೋ ಕಲ್ಲು ನನಗೆ ಸಿಗಲಿಲ್ಲ. ನಿಂತು ನೋಡ್ತೀಯೋ, ತೆಂಗಿನ ಸಿಪ್ಪೆ ತರ್ತೀಯೋ?”

ಇಬ್ಬರೂ ಮಣ್ಣು ಕೆದರಿ ಬುಟ್ಟಿಗಳನ್ನು ಎತ್ತಿದರು. ಮಾಡಿನ ಕೆಳಗಿದ್ದ ಒಣ ಸಿಪ್ಪೆ, ಚಿಪ್ಪು, ಕಡೆಗೆ ಮುರಿದ ಬೆಂಚು ಕೂಡ ಬೆಂಕಿಗೆ ಬಿತ್ತು. ಕಲ್ಲು ಬೆಳ್ಳಗಾಗುವವರೆಗೂ ಬೈಗುಳ ನಿಲ್ಲಲಿಲ್ಲ. ಎಷ್ಟೋ ವರ್ಷದ ಬಾಕಿ ಇತ್ತಲ್ಲ! ಅವನ ಡ್ರೈವಿಂಗು, ಅವಳ ನಡಿಗೆ, ಅವನ ಮದುವೆಯಲ್ಲಿ ಕಡಿಮೆಬಿದ್ದ ಊಟ, ಒಂದೂ ಉಳಿಯಲಿಲ್ಲ. ಮಾಂಸವನ್ನು ಮತ್ತೆ ಹುಗಿದು, ವೈಸಾಕೆ ಉಳಿದ ಗುಂಡಿಗಳಲ್ಲಿ ಬೆಂದಿದ್ದನ್ನು ಲಾರಿಗೆ ತುಂಬಿ ಮೈದಾನಕ್ಕೆ ಹೊಡೆದ. ಸಂಗತಿ ತಿಳಿದ ಸೆರೈಮಾ ನೇರ ಹಿರಿಯರ ಬಳಿ ಹೋಗಿ, “ಒಂದು ಗುಂಡಿ ಮತ್ತೆ ಬೇಯ್ತಿದೆ, ಸುಳ್ಳು ಹೇಳಲ್ಲ. ಮೀನು, ಕೋಳಿ, ಪಲುಸಾಮಿ ಸಿದ್ಧ ಇದೆ. ಹಂದಿಗೋಸ್ಕರ ಪ್ರತಿ ತಂಡ ಇನ್ನೊಂದೊಂದು ಹಾಡು ಹೇಳಲಿ” ಎಂದಳು. ಹಿರಿಯರು ನಕ್ಕರು. ಗೆದ್ದ ತಂಡ ಯಾವುದೆಂದು ಈಗ ಯಾರಿಗೂ ನೆನಪಿಲ್ಲ. ಎಲೆಯಿಂದ ಬಿಡಿಸಿದರೆ ಬೆಣ್ಣೆಯಂತೆ ಬಿರಿಯುತ್ತಿದ್ದ ಆ ಮಾಂಸ ಎಲ್ಲರಿಗೂ ನೆನಪಿದೆ. ಪಾದ್ರಿಗಳು ಎರಡನೆಯ ಸಲ ತಟ್ಟೆ ಹಿಡಿದು ಬಂದದ್ದನ್ನು ಊರೇ ನೋಡಿತು.

ಮುಂದೆ ಕರೆಗಳಿಗೆ ಕೊನೆಯಿರಲಿಲ್ಲ. ಮದುವೆ, ನೂರನೆಯ ರಾತ್ರಿ, ರಾಜಧಾನಿ ಸುವಾದ ಆಫೀಸುಗಳ ಊಟ. ಹೊಸಬರು ಕೆಲಸ ಕೇಳಿಕೊಂಡು ದೂರದ ಊರುಗಳಿಂದ ಬಂದರು. ಒಬ್ಬಳು ಬೇಕರಿಯವಳು ಗುಟ್ಟು ತಿಳಿಯಲೆಂದು ದಿನವಿಡೀ ಕೂತು ನೋಡಿ, “ಇವರು ಬರೀ ಜಗಳ ಆಡ್ತಾರಲ್ಲ!” ಎಂದು ಗೊಂದಲದಲ್ಲೇ ಮನೆಗೆ ಹೋದಳು. ವೈಸಾಕೆಯೂ ರೈಜಿಯೇಲಿಯೂ ಗೆರೆಯ ಒಳಗೆ ಕೋಳಿಗಳಂತೆ ಕಾದಾಡಿ, ಸಂಜೆ ಗೆರೆ ದಾಟಿದೊಡನೆ ಬೆನ್ನು ತಿರುಗಿಸಿ, ಮಾತಿಲ್ಲದೆ, ಒಂದೇ ದಾರಿಯಲ್ಲಿ ದೂರ ದೂರ ನಡೆಯುತ್ತಿದ್ದರು. ಇದ್ದಿಲ ಗೆರೆ ಅಳಿಸಿದಂತೆಲ್ಲ ಬೆಳಿಗ್ಗೆ ಮೊದಲು ಬಂದವರು ಅದನ್ನು ಮತ್ತೆ ಎಳೆಯುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ.

ಸೆರೈಮಾ ಕಡಲಾಚೆಯ ಲಂಬಾಸಾದಲ್ಲಿ ಎರಡನೆಯ ಅಡುಗೆ ಮನೆ ತೆರೆಯಲು ಹೊರಟಳು. ನೌಸೋರಿಯದನ್ನು ಲೋಸಲೀನಿಯ ಕೈಗೆ ಕೊಟ್ಟಳು. ಕೇಳಿ ಮಕೆರೆತಾ, “ಅಯ್ಯೋ, ಇನ್ನು ಸೊಸೆ ಕೈಕೆಳಗಾ!” ಎಂದು ಎದೆ ಬಡಿದುಕೊಂಡು, ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಗೆರೆ ಎಳೆದಳು.

ಹಡಗು ಹೊರಡುವ ಹಿಂದಿನ ದಿನ ಸೆರೈಮಾ ಮತ್ತೆ ರೈಜಿಯೇಲಿಯ ಬಾಗಿಲಲ್ಲಿ ಬಂದು ಕೂತಳು. ಯಂಗೋನಾ ಕಟ್ಟನ್ನು ಚಾಪೆಯ ಮೇಲಿಟ್ಟಳು. ಹೂವಿನ ಬಟ್ಟೆ ಉಟ್ಟಿದ್ದ ರೈಜಿಯೇಲಿ ಕೈಲಿದ್ದ ಬೀಸಣಿಗೆ ನಿಲ್ಲಿಸಿದಳು.

“ನೌ, ನಿಮಗೆ ಹಡಗು ಅಂದ್ರೆ ಭಯ ಅಂತ ಗೊತ್ತು. ಆದರೂ ಕೇಳ್ತೀನಿ. ಅಲ್ಲಿಯವರು ನನ್ನನ್ನ ದೊಡ್ಡ ಯಜಮಾನಿ ಅಂದ್ಕೊಂಡಿದಾರೆ. ನಾನೆಷ್ಟೇ ಗೆರೆ ಎಳೆದರೂ ಮೊದಲ ದಿನ ಯಾರೂ ಬಾಯಿ ಬಿಡಲ್ಲ. ನೀವು ಬರಬೇಕು. ಬಂದು ಒಲೆ ಪಕ್ಕ ಕೂತು, ಅಷ್ಟೂ ಜನರ ಮುಂದೆ, ನನಗೆ ಚೆನ್ನಾಗಿ ಬೈಬೇಕು.”

ರೈಜಿಯೇಲಿ ಬೀಸಣಿಗೆ ಕೆಳಗಿಟ್ಟು, ಒಪ್ಪಿದೆ ಎನ್ನುವಂತೆ ಯಂಗೋನಾ ಕಟ್ಟನ್ನು ಮಡಿಲಿಗೆ ಎತ್ತಿಕೊಂಡಳು.