ಕುಣಿಮಗ್ಗದ ಅಕ್ಕ

ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸೀರೆ ನೇಯುವ ಅಕ್ಕ ಒಬ್ಬಳಿದ್ದಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಮಗ್ಗದ ಮುಂದೆ ಕೂರುತ್ತಿದ್ದಳು. ಯಾರ ಜೊತೆ ಮಾತಾಡಿದರೂ ಕಣ್ಣು ಮಾತ್ರ ನೂಲಿನ ಮೇಲೆಯೇ.

ಆ ವರ್ಷ ನನ್ನ ಕಾಲು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದಾಗ ಮೀನಖಂಡ ಸೊರಗಿಹೋಗಿತ್ತು. ದಿನಾ ಕುರ್ಚಿಯ ಮೇಲೆ ಕೂತು ಹಿಮ್ಮಡಿ ಎತ್ತಿ ಇಳಿಸಬೇಕು, ಆಮೇಲೆ ಬೆರಳು ಎತ್ತಿ ಇಳಿಸಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ಕುರ್ಚಿ ಇದ್ದ ಪಡಸಾಲೆಯಲ್ಲಿ ಗಂಡನ ಅಣ್ಣ, ನನ್ನ ಭಾವನವರು, ಇರುತ್ತಿದ್ದರು. ಅವರೆದುರು ನಾನು ಎಂದೂ ಕುರ್ಚಿಯ ಮೇಲೆ ಕೂತವಳಲ್ಲ. ವ್ಯಾಯಾಮ ಬಿಟ್ಟೇಬಿಟ್ಟೆ. ಮೊಮ್ಮಕ್ಕಳೇ, ನರಗುಂದದಲ್ಲಿ ನಿಮ್ಮೊಳಗಿನ ಹಿರಿಯವನನ್ನು ತೊಟ್ಟಿಲಿಗೆ ಹಾಕಲು ಒಂದೇ ತಿಂಗಳು ಉಳಿದಿತ್ತು. ಬಸ್ಸಿನ ಮೆಟ್ಟಿಲು ಹತ್ತುವ ಬಲ ನನ್ನ ಕಾಲಿಗಿರಲಿಲ್ಲ.

"ಭಾವಗ ನಾಚಿ ಮೊಮ್ಮಗನ ಮಾರಿ ನೋಡೂದು ಬಿಡ್ತಿ ಏನ ತಂಗಿ? ನನ್ನ ಬಾಜೂಕ ಬಂದು ಕೂಡು," ಎಂದಳು ಅಕ್ಕ.

"ಯಾರರ ನೋಡಿದ್ರ?" ಎಂದೆ.

"ಕುಣ್ಯಾಗಿನ ಕಾಲು ಯಾರಿಗೆ ಕಾಣತಾವ?"

ಅವಳ ಪಕ್ಕದಲ್ಲಿ ಕೂತು ನಾನೂ ಕುಣಿಯ ತಳಕ್ಕೆ ಪಾದ ಊರಿದೆ. ಅವಳ ಕಾಲು ಮಗ್ಗದ ಹಲಗೆ ಒತ್ತಿದಾಗಲೆಲ್ಲ ನನ್ನ ಹಿಮ್ಮಡಿ ಮೇಲೇಳಬೇಕು. ನಾನು ನಿಲ್ಲಿಸಿದರೆ ಅವಳೂ ಲಾಳಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದಳು.

"ಸೀರಿ ನಿಂತೈತಿ ನೋಡವಾ," ಎನ್ನುವಳು. ನನ್ನಿಂದ ಅವಳ ಕೆಲಸ ಕೆಟ್ಟಿತಲ್ಲ ಎಂಬ ನಾಚಿಕೆಗೆ ಮತ್ತೆ ಎತ್ತುತ್ತಿದ್ದೆ.

ನರಗುಂದಕ್ಕೆ ಹೊರಟ ದಿನ ಅವಳು ಮಗ್ಗ ಬಿಟ್ಟು ಬಸ್ ನಿಲ್ದಾಣಕ್ಕೆ ಬಂದಳು. ಕಂಡಕ್ಟರು ನನ್ನನ್ನು ಹತ್ತಿಸಲು ಕೈ ಚಾಚಿದರು.

"ಬ್ಯಾಡ್ರಿ, ಆಕಿ ಹತ್ತತಾಳ," ಎಂದಳು.

ಹತ್ತಿದೆ. ಕಿಟಕಿಯಿಂದ ಇಣುಕಿದರೆ, ಅವಳು ಆಗಲೇ ಬೆನ್ನು ತಿರುಗಿಸಿ ಮನೆಯ ಕಡೆ ಲಗುಬಗೆಯಿಂದ ನಡೆದಿದ್ದಳು.